ಕೂಡಿಸದ ಮೂರು ಅಕ್ಷರ

ಉಮದಿಯ ಶಾಲೆಯ ಹಿಂದಿನ ಕೋಣೆಯಲ್ಲಿ
ರಾತ್ರಿ ಎಂಟಕ್ಕೆ ದೀಪ ಹಚ್ಚಿ ಕೂತರೆ
ದೀನವ್ವ ಬರುತ್ತಿದ್ದಳು. ಮೊದಲು ಚಪ್ಪಲಿ ಬಿಟ್ಟು,
ಆಮೇಲೆ ಕೆಮ್ಮಿ, ಆಮೇಲೆ ಒಳಗೆ.
ಐವತ್ತೆಂಟು ವಯಸ್ಸು. ಅಂಗೈಯಲ್ಲಿ ಕುಡುಗೋಲಿನ ಗಂಟು.
ಬಳಪ ಹಿಡಿದರೆ ಬಿತ್ತುವ ಬೀಜ ಹಿಡಿದ ಹಾಗೆ,
ತಪ್ಪು ಸಾಲಿಗೆ ಬಿದ್ದೀತೆಂದು.

ಅವಳಿಗೆ ಓದಬೇಕಿದ್ದುದು ಒಂದೇ ಪುಸ್ತಕ.
ಅತ್ತೆ ಕೊಟ್ಟದ್ದು, ಗೆದ್ದಲು ಅಂಚು ತಿಂದದ್ದು,
ಇಳಕಲ್ಲ ಸೀರೆಯ ತುಂಡಿನಲ್ಲಿ ಸುತ್ತಿದ್ದು.
ಅದರಲ್ಲೂ ಹಿಂದಿನ ಭಾಗವಲ್ಲ, ಮುಂದಿನದು:
ಮರಳುಗಾಡು, ಬೆಟ್ಟದ ನೆತ್ತಿಯ ಹೊಗೆ,
ಉರಿದರೂ ಬೂದಿಯಾಗದ ಒಂದು ಮುಳ್ಳುಗಿಡ,
ತೂಕದ ಕಲ್ಲು, ಹೊಲದ ಗಡಿ,
ಮಾಡು, ಮಾಡಬೇಡ, ಮುಟ್ಟಬೇಡ.

ನಾಲ್ಕು ತಿಂಗಳಿಗೆ ಒತ್ತಕ್ಷರವೂ ಬಂತು.
ಒಂದು ಮಾತು ಎದುರಾದಾಗ ಮಾತ್ರ ಬೆರಳು ನಿಲ್ಲುತ್ತಿತ್ತು.
ಸೆರಗು ತಲೆಗೆಳೆದು, ಹೊಸ್ತಿಲು ತುಳಿಯದೆ ದಾಟುವವಳ ಹಾಗೆ
ಆಚೆಯ ಶಬ್ದದಲ್ಲಿ ಕಾಲಿಡುತ್ತಿದ್ದಳು.
ಬರುವುದಿಲ್ಲವೇನೋ ಎಂದು ಪಾಟಿಯ ಮೇಲೆ ಬರೆದೆ.
ಯೆ. ಓದಿದಳು.
ಹೋ. ಓದಿದಳು.
ವ. ಅದನ್ನೂ.
"ಕೂಡಿಸಿ ಓದು" ಅಂದೆ.
ಕೂಡಿಸಲಿಲ್ಲ.
"ಬರೂದಿಲ್ಲೇನು?"
"ಬರತೈತ್ರಿ ಅಕ್ಕೋರ. ಬರತೈತಿ ಅಂತ ಅಂದಬಿಡೂದೇನು?"

ಆಗ ನೆನಪಾಯಿತು, ಜತ್ತದ ಕಚೇರಿ.
ಉತಾರಕ್ಕೆ ಗಂಡನ ಹೆಸರು ಕೇಳಿದ್ದ ತಲಾಠಿ.
ಮೂರು ಸಲ ಕೇಳಿದ. ಗಂಡ ತೀರಿ ಹನ್ನೊಂದು ವರ್ಷ.
ಆದರೂ ನೆಲ ನೋಡುತ್ತ ಒಡಪು ಹಾಕಿದಳು:
ಕಪ್ಪ ಎರಿ ಹೊಲದಾಗ ಹೊಂಟಾವ ಸಾಲ,
ಹೆಸರು ಎದಿಯಾಗೈತಿ, ತುಟಿಗಿ ಅದು ಸಲ್ಲ.
ಅರ್ಧ ಕನ್ನಡ ತಿಳಿದ ತಲಾಠಿ ನಕ್ಕು
ಮಗ ಹನೋಕನ ಕಡೆ ತಿರುಗಿದ.

ಅದೇ ಹನೋಕ ಸುಗ್ಗಿಯಲ್ಲಿ ನನ್ನ ಹತ್ತಿರ ಬಂದ.
"ನೀವು ಓದಾಕ ಕಲಿಸಿದ್ದು ತಪ್ಪಾತು ನೋಡ್ರಿ.
ಕಣಕಿ ಸೂಡಿಗಿ ಇಷ್ಟ ರೇಟ ಐತಿ,
ನಾಕೂ ಮೂಲಿ ಕೊಯ್ಯಬ್ಯಾಡ ಅಂತಾಳ.
ಆಯಾಕ ಈಗ ಯಾರ ಬರತಾರ?"
ಹೋಗಿ ನೋಡಿದೆ. ಬೋಳು ಹೊಲದ ನಾಲ್ಕು ಮೂಲೆಯಲ್ಲಿ
ಮಾಲದಂಡಿ ಜೋಳ ತೆನೆ ಬಾಗಿಸಿ ನಿಂತಿತ್ತು.
"ಯಾಕವ್ವ?" ಅಂದೆ.
"ಅವರು ಹೇಳ್ಯಾರ."
ಪುಸ್ತಕ ಏಕವಚನದಲ್ಲಿ ಕರೆದವನನ್ನು
ಮನೆಯವರನ್ನು ಕರೆದಂತೆ, ಅವರು.
ಮೂರನೆಯ ದಿನ ಪಾರಧಿಯ ಹೆಣ್ಣೊಬ್ಬಳು
ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದು
ಕಂಕಿಯೊಂದು ಮುರಿದಳು.
ದೀನವ್ವ ಅತ್ತ ತಿರುಗಿ ಬಾವಿಯ ಹಗ್ಗ ಸುತ್ತತೊಡಗಿದಳು,
ಆಗಲೇ ಸುತ್ತಿಟ್ಟಿದ್ದ ಹಗ್ಗವನ್ನು.

ಒಂದು ರಾತ್ರಿ ಮಾತ್ರ ನಾನು ಜಗಳ ತೆಗೆದೆ.
ಪವಿತ್ರ ಪೆಟ್ಟಿಗೆಯ ಬಂಡಿ ಬರುತ್ತಿದೆ, ಕಣದ ಹತ್ತಿರ
ಎತ್ತು ಮುಗ್ಗರಿಸಿತು. ಬೀಳದಿರಲೆಂದು ಒಬ್ಬ ಕೈ ಚಾಚಿದ.
ಚಾಚಿದವನು ಅಲ್ಲೇ ಸತ್ತ.
"ಹಿಡಿಯಲು ಹೋದವನನ್ನೇ? ಇದ್ಯಾವ ನ್ಯಾಯ?"
ದೀಪದ ಕುಡಿ ಚಿಟಿಚಿಟಿ ಅಂದಿತು.
ತುಂಬ ಹೊತ್ತಿನ ಮೇಲೆ ಅಂದಳು,
"ನನಗೂ ಸಿಟ್ಟ ಬಂದೈತ್ರಿ. ಅಂಜಿಕಿನೂ ಬಂದೈತಿ.
ಎರಡೂ ಹೊತಗೊಂಡು ನಾಳಿ ಬರತೇನಿ,
ಮುಂದಿಂದು ಓದೂಣು."
ಬಂದಳು ಕೂಡ.

ವರ್ಗದ ಕೊನೆಯ ದಿನ ಪಾಟಿ ಕೊಟ್ಟು
"ನಿನ್ನ ಮನಸ್ಸಿಗೆ ಬಂದದ್ದು ಬರಿ" ಅಂದೆ.
ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತಳು.
ಬಳಪದ ಸದ್ದು: ಮೂರಕ್ಷರದಷ್ಟು ಹೊತ್ತು.
ಉತಾರದಲ್ಲಿ ಓದಿದ್ದೆ, ಗಂಡನ ಹೆಸರೂ ಮೂರಕ್ಷರ.
ಯಾವುದು ಎಂದು ಕೇಳುವಷ್ಟು ದಡ್ಡಿಯಾಗಿ
ಆಗ ನಾನು ಉಳಿದಿರಲಿಲ್ಲ.
ನೋಡಿದಳು. ಒದ್ದೆ ಅಂಗೈಯಿಂದ ಒರೆಸಿದಳು.
ಬೆಳ್ಳಗಾದ ಆ ಕೈಯನ್ನು ಸೆರಗಿಗೆ ತಿಕ್ಕಲಿಲ್ಲ,
ಮುಚ್ಚಿಕೊಂಡೇ ಚಪ್ಪಲಿ ಮೆಟ್ಟಿ
ಕತ್ತಲಲ್ಲಿ ಹೊಲದ ದಾರಿ ಹಿಡಿದಳು.